ಪಾರ್ಕಿಂಗ್ ಚೀಟಿ: ದಂಡವೋ, ಬಿಲ್ಲೋ?

ಮಾರ್ಚ್ ತಿಂಗಳ ಒಂದು ರಾತ್ರಿ ಹತ್ತೂವರೆಗೆ ಗೋಣಿಕೊಪ್ಪದಿಂದ ಅಕ್ಕ ಫೋನ್ ಮಾಡಿದಳು. ಆ ಹೊತ್ತಿನಲ್ಲಿ ಅಕ್ಕನ ಫೋನ್ ಬಂತೆಂದರೆ ತೋಟಕ್ಕೆ ಆನೆ ನುಗ್ಗಿರಬೇಕು, ಇಲ್ಲವೇ ಯಾರನ್ನೋ ಆಸ್ಪತ್ರೆಗೆ ಸೇರಿಸಿರಬೇಕು. ಈ ಸಲ ಎರಡೂ ಅಲ್ಲ. ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ಮಗಳಿಗೆ ಕಾಗದ ಬಂದಿದೆ.

"ಕೇಸಂತೆ ಮಾರಾಯ. ಕಾರು ನಿಲ್ಲಿಸಿದ್ದಕ್ಕೆ ನೂರು ಪೌಂಡು. ಹತ್ತು ಸಾವಿರಕ್ಕಿಂತ ಮೇಲಾಯ್ತಲ್ಲ! ಕಟ್ಟದಿದ್ರೆ ವೀಸಾಕ್ಕೆ ತೊಂದ್ರೆ ಆಗ್ತದಾ ನೋಡು."

ಸ್ವಲ್ಪ ಹೊತ್ತಿಗೆ ಆ ಮಗಳ, ಅಂದರೆ ನನ್ನ ಸೊಸೆಯ ವಾಟ್ಸಾಪ್ ಬಂತು. ಕಾಗದದ ಎರಡೂ ಬದಿಯ ಫೋಟೋ, ಕೆಳಗೆ ಒಂದೇ ಸಾಲು: "ಮಾವ, ಕಟ್ಟಿಬಿಡಲಾ?"

ನಾನು ವಕೀಲನಲ್ಲ. ಮಡಿಕೇರಿಯಲ್ಲಿ ವಕೀಲರೊಬ್ಬರ ಬಳಿ ಇಪ್ಪತ್ತೆರಡು ವರ್ಷ ಗುಮಾಸ್ತನಾಗಿದ್ದವ. ನೋಟಿಸುಗಳನ್ನು ಎಣಿಸಲಾರದಷ್ಟು ಟೈಪ್ ಮಾಡಿದ್ದೇನೆ. ಅದರಿಂದ ಒಂದು ಅಭ್ಯಾಸ ಬೆಳೆದಿದೆ. ಕಾಗದ ಕೈಗೆ ಬಂದರೆ ಮೊತ್ತದ ಕಡೆ ಕಣ್ಣು ಹೋಗುವುದಿಲ್ಲ. ಮೇಲೆ ಯಾರ ಹೆಸರಿದೆ, ಯಾವ ಅಧಿಕಾರದಿಂದ ಕೇಳುತ್ತಿದ್ದಾರೆ ಅಂತ ಮೊದಲು ಹುಡುಕುತ್ತದೆ. ಸೊಸೆಗೆ ಬಂದ ಕಾಗದದ ತಲೆಯಲ್ಲಿ ಇದ್ದದ್ದು ಒಂದು ಕಂಪನಿಯ ಹೆಸರು. ಪೊಲೀಸ್ ಇಲ್ಲ, ಕೋರ್ಟ್ ಇಲ್ಲ, ಸರ್ಕಾರವೂ ಇಲ್ಲ.

ಬ್ರಿಟನ್‌ನಲ್ಲಿ ಗಾಡಿ ನಿಲ್ಲಿಸಿದ್ದಕ್ಕೆ ಬರುವ ಕಾಗದ ಮೂರು ಬಗೆ. ಪೊಲೀಸರು ಕೊಡುವುದು ಫಿಕ್ಸೆಡ್ ಪೆನಾಲ್ಟಿ ನೋಟಿಸ್. ನಮ್ಮ ನಗರಸಭೆಯಂತಿರುವ ಕೌನ್ಸಿಲ್ ಕೊಡುವುದು ಪೆನಾಲ್ಟಿ ಚಾರ್ಜ್ ನೋಟಿಸ್. ಸೂಪರ್ ಮಾರ್ಕೆಟ್, ಹೋಟೆಲು, ಆಸ್ಪತ್ರೆಗಳ ಆವರಣದಲ್ಲಿ ಪಾರ್ಕಿಂಗ್ ನೋಡಿಕೊಳ್ಳುವ ಖಾಸಗಿ ಕಂಪನಿ ಕೊಡುವುದು ಪಾರ್ಕಿಂಗ್ ಚಾರ್ಜ್ ನೋಟಿಸ್. ಕೊನೆಯ ಎರಡಕ್ಕೂ ಅಲ್ಲಿನವರು ಹೇಳುವ ಚುಟುಕು ಹೆಸರು ಒಂದೇ: ಪಿಸಿಎನ್. ನೋಡಲಿಕ್ಕೂ ಅಕ್ಕತಂಗಿಯರಂತಿರುತ್ತವೆ. ಇದು ತಾನಾಗಿ ಆದ ಹೋಲಿಕೆ ಅಂತ ನನಗೇನೂ ಅನ್ನಿಸುವುದಿಲ್ಲ.

ಮೊದಲ ಎರಡು ಕಾನೂನಿನ ದಂಡ. ಮೂರನೆಯದು ದಂಡವೇ ಅಲ್ಲ, ಬಿಲ್ಲು. ಕನ್ನಡದಲ್ಲಿ ನಾವು ಎಲ್ಲವನ್ನೂ 'ಫೈನ್' ಅಂದುಬಿಡುತ್ತೇವೆ, ಗೊಂದಲ ಅಲ್ಲಿಂದಲೇ ಶುರು. ಖಾಸಗಿ ಕಂಪನಿಗೆ ಯಾರನ್ನೂ ದಂಡಿಸುವ ಅಧಿಕಾರ ಇಲ್ಲ. ಅದು ಹೇಳುವುದಿಷ್ಟೇ: ನಮ್ಮ ಜಾಗದಲ್ಲಿ ಬೋರ್ಡ್ ಇತ್ತು, ಮೂರು ಗಂಟೆ ಪುಕ್ಕಟೆ, ಅದಕ್ಕಿಂತ ಹೆಚ್ಚು ನಿಂತರೆ ನೂರು ಪೌಂಡ್ ಅಂತ ಬರೆದಿತ್ತು, ಓದಿಯೂ ಗಾಡಿ ನಿಲ್ಲಿಸಿದಿರಿ, ಅಲ್ಲಿಗೆ ಒಪ್ಪಿದ ಹಾಗಾಯಿತು, ಈಗ ಕೊಡಿ. ಬೋರ್ಡೇ ಕರಾರು, ಹ್ಯಾಂಡ್‌ಬ್ರೇಕ್ ಎಳೆದದ್ದೇ ಸಹಿ.

"ಪೊಲೀಸ್ ಕೇಸಲ್ಲ ಅಕ್ಕ, ಬಾಕಿ ಕೇಳುವ ಕಾಗದ. ಕಟ್ಟದಿದ್ದರೂ ಜೈಲಿಲ್ಲ, ಕ್ರಿಮಿನಲ್ ರೆಕಾರ್ಡ್ ಇಲ್ಲ" ಎಂದೆ. ಅಕ್ಕ ನಿಟ್ಟುಸಿರು ಬಿಟ್ಟು, "ಹಾಗಾದ್ರೆ ಹರಿದು ಬಿಸಾಕ್ಲಿಕ್ಕೆ ಹೇಳ್ತೇನೆ" ಎಂದಳು. ಅದೂ ತಪ್ಪು.

ಬಿಲ್ಲಿಗೆ ಇಷ್ಟು ಬಲ ಎಲ್ಲಿಂದ?

ನಮ್ಮೂರಿನ ಯಾವುದೋ ಕಾಂಪ್ಲೆಕ್ಸ್‌ನವರು ಹೀಗೊಂದು ಬಿಲ್ಲು ಕಳಿಸಿದರೆ ಯಾರೂ ಸೊಪ್ಪು ಹಾಕುವುದಿಲ್ಲ. ಅಲ್ಲಿ ಅದೇ ಬಿಲ್ಲಿಗೆ ಜನ ಹೆದರುತ್ತಾರೆ. ಅದು ಮೂರು ಕಾಲಿನ ಮೇಲೆ ನಿಂತಿದೆ, ಒಂದೊಂದನ್ನೂ ಅಲ್ಲಾಡಿಸಿ ನೋಡಬೇಕು.

ಮೊದಲನೆಯದು ವಿಳಾಸ. ಡಿವಿಎಲ್‌ಎ ಅಂದರೆ ಅಲ್ಲಿನ ಆರ್‌ಟಿಒ. ಮಾನ್ಯತೆ ಪಡೆದ ಸಂಘಗಳಲ್ಲೊಂದರ ಸದಸ್ಯನಾದ ಪಾರ್ಕಿಂಗ್ ಕಂಪನಿಗೆ ನಂಬರ್ ಪ್ಲೇಟ್ ಹಿಂದಿರುವ ಹೆಸರು, ವಿಳಾಸವನ್ನು ಅದು ಕೊಡುತ್ತದೆ, ಒಂದಕ್ಕೆ ಎರಡೂವರೆ ಪೌಂಡ್ ಶುಲ್ಕಕ್ಕೆ. ಸಂಘಗಳು ಎರಡು: ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್ ಮತ್ತು ಇಂಟರ್‌ನ್ಯಾಷನಲ್ ಪಾರ್ಕಿಂಗ್ ಕಮ್ಯುನಿಟಿ. ಗೇಟಿನಲ್ಲಿ ಸೆಕ್ಯುರಿಟಿಯವನೂ ಬೇಕಿಲ್ಲ. ಕ್ಯಾಮೆರಾ ಒಳಹೋಗುವಾಗೊಮ್ಮೆ, ಹೊರಬರುವಾಗೊಮ್ಮೆ ನಂಬರ್ ಓದುತ್ತದೆ, ಉಳಿದದ್ದು ಕಂಪ್ಯೂಟರಿನ ಕಳೆಯುವ ಲೆಕ್ಕ.

ಎರಡನೆಯದು 2012ರ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಕಾಯ್ದೆ. ಅದಕ್ಕೆ ಮೊದಲು ಖಾಸಗಿಯವರು ಚಕ್ರಕ್ಕೆ ಬೀಗ ಜಡಿದು ದುಡ್ಡು ಕೀಳುತ್ತಿದ್ದರು. ಆ ವರ್ಷ ಅಕ್ಟೋಬರ್ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆ ಬೀಗ ಅಪರಾಧವಾಯಿತು. ಬೀಗ ಕಿತ್ತುಕೊಂಡ ಸರ್ಕಾರ ಕಂಪನಿಗಳಿಗೆ ಬದಲಿಯಾಗಿ ಬೇರೆಯದೊಂದು ಕೊಟ್ಟಿತು. ಗಾಡಿ ಓಡಿಸಿದವರು ಯಾರೆಂದು ಗೊತ್ತಿಲ್ಲದಿದ್ದರೆ, ಗಾಡಿ ಯಾರ ಹೆಸರಲ್ಲಿ ನೋಂದಣಿಯಾಗಿದೆಯೋ ಅವರಿಂದಲೇ ವಸೂಲಿ ಮಾಡಬಹುದು. ಆದರೆ ಇದಕ್ಕೆ ಷರತ್ತುಗಳಿವೆ. ಕ್ಯಾಮೆರಾ ಹಿಡಿದದ್ದಾದರೆ ನೋಟಿಸು 14 ದಿನದೊಳಗೆ ಮನೆಗೆ ತಲುಪಬೇಕು. ಗಾಜಿಗೆ ಚೀಟಿ ಅಂಟಿಸಿ ಹೋಗಿದ್ದರೆ ಲೆಕ್ಕ ಬೇರೆ: 28 ದಿನ ಕಾದು, ಅದರ ಮುಂದಿನ 28 ದಿನದೊಳಗೆ ಅಂಚೆಯಲ್ಲಿ ಬರಬೇಕು. ಈ ತಾರೀಕು ತಪ್ಪಿದರೆ ಮಾಲೀಕರ ಮೇಲಿನ ಹಿಡಿತ ಹೋಗಿ ಓಡಿಸಿದವರನ್ನಷ್ಟೇ ಕೇಳಬೇಕಾಗುತ್ತದೆ. ಓಡಿಸಿದ್ದು ಯಾರೆಂದು ಖಾಸಗಿ ಕಂಪನಿಗೆ ಹೇಳಲೇಬೇಕೆಂಬ ನಿಯಮ ಇಲ್ಲ.

ಅದಕ್ಕೇ ಸೊಸೆಗೆ ಹೇಳಿದ ಮೊದಲ ಮಾತು: "ಉತ್ತರ ಬರೆಯುವಾಗ 'ನಾನು ನಿಲ್ಲಿಸಿದ್ದೆ' ಅಂತ ಬರೀಬೇಡ. 'ವಾಹನ ನಿಂತಿತ್ತು' ಅಂತ ಬರಿ." ಗುಮಾಸ್ತನ ಬುದ್ಧಿ ಅಂತ ಅವಳು ನಕ್ಕಳು. ಒಂದು ಸರ್ವನಾಮದಿಂದ ಕೈತಪ್ಪಿದ ಪ್ರಕರಣಗಳನ್ನು ನಾನು ಇಲ್ಲೇ ನೋಡಿದ್ದೇನೆ. ಅವಳ ನೋಟಿಸಿನ ತಾರೀಕನ್ನೂ ಎಣಿಸಿದೆ: ಮಾರ್ಚ್ 3ರ ಘಟನೆ, ಮಾರ್ಚ್ 10ರ ಪತ್ರ, ಅಂಚೆಗೆ ಹಾಕಿದ ಎರಡನೇ ಕೆಲಸದ ದಿನ ತಲುಪಿತೆಂದು ಕಾಯ್ದೆಯ ಲೆಕ್ಕ. 14 ದಿನದ ಒಳಗೇ ಇದೆ. ಆ ವಾದ ಅಲ್ಲಿಗೇ ಬಿತ್ತು.

ಮೂರನೆಯ ಕಾಲು ಕೋರ್ಟು. ಸಣ್ಣ ಮೊತ್ತದ ದಾವೆ ಹಾಕುವುದು ಅಲ್ಲಿ ಅಗ್ಗ, ಆನ್‌ಲೈನಿನಲ್ಲೇ ಆಗುತ್ತದೆ. ದೊಡ್ಡ ಕಂಪನಿಗಳು ದಾವೆಗಳನ್ನು ರಾಶಿ ರಾಶಿಯಾಗಿ ಹಾಕುತ್ತವೆ. ಕರಾರು ಮುರಿದ ಬಾಕಿಗೆ ಆರು ವರ್ಷದವರೆಗೂ ಅವಕಾಶ ಇದೆ.

ಅಲ್ಲೇ ಒಂದು ಪ್ರಸಿದ್ಧ ತೀರ್ಪಿದೆ, ಇದನ್ನು ತಿಳಿಯದೆ ಜಗಳಕ್ಕಿಳಿಯಬಾರದು. 2013ರ ಏಪ್ರಿಲ್‌ನಲ್ಲಿ ಬ್ಯಾರಿ ಬೀವಿಸ್ ಎಂಬವರು ಚೆಮ್ಸ್‌ಫರ್ಡ್ ಊರಿನ ಅಂಗಡಿ ಸಂಕೀರ್ಣದ ಆವರಣದಲ್ಲಿ ಕಾರು ನಿಲ್ಲಿಸಿದರು. ಎರಡು ಗಂಟೆ ಪುಕ್ಕಟೆ. ಅವರು 56 ನಿಮಿಷ ಹೆಚ್ಚು ನಿಂತರು. ಬಿಲ್ಲು 85 ಪೌಂಡ್. ಆತ ಮೀನು-ಚಿಪ್ಸ್ ಅಂಗಡಿ ನಡೆಸುವವರು, ಪಟ್ಟು ಬಿಡಲಿಲ್ಲ. ಪುಕ್ಕಟೆ ಜಾಗದಲ್ಲಿ 56 ನಿಮಿಷ ಹೆಚ್ಚಾದರೆ ಕಂಪನಿಗೆ ಆದ ನಷ್ಟವಾದರೂ ಎಷ್ಟು, ಇದು ಬರೀ ಬೆದರಿಕೆಯ ಮೊತ್ತ ಎಂದು ಸುಪ್ರೀಂ ಕೋರ್ಟ್‌ವರೆಗೂ ಹೋದರು. 2015ರ ನವೆಂಬರ್ 4ರಂದು ತೀರ್ಪು ಬಂತು. ಏಳು ನ್ಯಾಯಮೂರ್ತಿಗಳಲ್ಲಿ ಆರು ಮಂದಿ ಬೀವಿಸ್ ವಿರುದ್ಧ. ಅದಕ್ಕೆ ಸುಮಾರು ನೂರು ವರ್ಷ ಹಿಂದೆ, 1914ರಲ್ಲಿ, ಡನ್‌ಲಪ್ ಟೈರ್ ಕಂಪನಿಯ ಒಂದು ಕೇಸಿನಲ್ಲಿ ನಿಂತ ನಿಯಮ ಇತ್ತು: ಮೊದಲೇ ಬರೆದಿಟ್ಟ ಮೊತ್ತ ನಿಜವಾದ ನಷ್ಟದ ಪ್ರಾಮಾಣಿಕ ಅಂದಾಜಾಗಿರಬೇಕು. ಬೀವಿಸ್ ನಂಬಿದ್ದು ಅದನ್ನೇ. ಕೋರ್ಟು ಆ ಮಾತನ್ನು ಸಡಿಲಿಸಿತು. ಒಬ್ಬರೇ ದಿನವಿಡೀ ಜಾಗ ಹಿಡಿಯದೆ ಗಿರಾಕಿಗಳು ಬಂದುಹೋಗುತ್ತಿರಲಿ ಎಂಬುದು ಜಾಗದವರ ನ್ಯಾಯವಾದ ಹಿತಾಸಕ್ತಿ, ಬೋರ್ಡುಗಳು ದೊಡ್ಡದಾಗಿ ಓದುವಂತಿದ್ದವು, ಮೊತ್ತವೂ ವಿಪರೀತ ಅಲ್ಲ ಎಂದಿತು.

ಹಾಗಾಗಿ "ನಷ್ಟ ಏನೂ ಆಗಿಲ್ಲವಲ್ಲ" ಎಂಬ ವಾದ ಈಗ ಅಲ್ಲಿ ನಡೆಯುವುದಿಲ್ಲ. ಆದರೆ ಅದೇ ತೀರ್ಪನ್ನು ತಿರುಗಿಸಿ ಹಿಡಿಯಬಹುದು. ಬೋರ್ಡು ಮರದ ಮರೆಯಲ್ಲಿದ್ದರೆ, ಅಕ್ಷರ ಇರುವೆ ಸಾಲಿನಂತಿದ್ದರೆ, ರಾತ್ರಿ ದೀಪ ಇಲ್ಲದಿದ್ದರೆ, ಒಪ್ಪಿದ್ದೇ ಇಲ್ಲ ಅನ್ನಬಹುದು.

ಕಟ್ಟುವುದಾ, ಜಗಳವಾಡುವುದಾ?

ಸೊಸೆಯ ನೋಟಿಸಿನಲ್ಲಿ ಎರಡು ಫೋಟೋ ಇತ್ತು. ಬೆಳಿಗ್ಗೆ 8.05ಕ್ಕೆ ಒಳಗೆ, ಸಂಜೆ 5.35ಕ್ಕೆ ಹೊರಗೆ. ಒಟ್ಟು ಒಂಬತ್ತೂವರೆ ಗಂಟೆ. "ಅಷ್ಟು ಹೊತ್ತು ಅಂಗಡೀಲಿ ಏನು ಮಾಡ್ತಿದ್ದೆ?" ಅಂತ ಅಕ್ಕ ಆಗಲೇ ಬೈದಾಗಿತ್ತು. ಪಾಪ, ಅವಳು ರಾತ್ರಿ ಪಾಳಿ ಮುಗಿಸಿ ಹಾಲು, ಬ್ರೆಡ್ ತಗೊಂಡು ಮನೆಗೆ ಹೋಗಿ ಮಲಗಿದ್ದಾಳೆ. ಸಂಜೆ ಎದ್ದು ಅಕ್ಕಿ ತರಲು ಅದೇ ಅಂಗಡಿಗೆ ಮತ್ತೆ ಬಂದಿದ್ದಾಳೆ. ಬೆಳಿಗ್ಗೆ ಹೊರಹೋದದ್ದನ್ನೂ ಸಂಜೆ ಒಳಬಂದದ್ದನ್ನೂ ಕ್ಯಾಮೆರಾ ಓದಿಲ್ಲ. ಹಿಂದೆ ಅಂಟಿಕೊಂಡು ಬಂದ ವ್ಯಾನೋ, ಮಳೆಯೋ ಏನೋ ಅಡ್ಡ. ಕಂಪ್ಯೂಟರು ಮೊದಲ ಫೋಟೋಕ್ಕೂ ಕೊನೆಯ ಫೋಟೋಕ್ಕೂ ಗಂಟು ಹಾಕಿದೆ. ಎರಡು ಭೇಟಿಯನ್ನು ಒಂದು ಅಂತ ಎಣಿಸುವ ಈ ತಪ್ಪು ಅಲ್ಲಿ ಹಳೆಯ ಕಾಯಿಲೆ.

ಇಂಥ ಕಡೆ ಕಟ್ಟಬಾರದು. ತಪ್ಪೇ ಆಗಿಲ್ಲ, ದಾಖಲೆಯೂ ಇದೆ. ಆದರೆ ಬೈದು ಬರೆದರೆ ಪ್ರಯೋಜನ ಇಲ್ಲ, ಕಾಗದ ತೋರಿಸಬೇಕು. ಬ್ಯಾಂಕ್ ಆ್ಯಪ್‌ನಲ್ಲಿ ಎರಡು ಪಾವತಿ ಸಿಕ್ಕಿತು, 8.21ಕ್ಕೆ ಒಂದು, 5.29ಕ್ಕೆ ಒಂದು. ಫೋನಿನ ಲೊಕೇಷನ್ ಹಿಸ್ಟರಿಯಲ್ಲಿ ಹಗಲೆಲ್ಲ ಮನೆಯಲ್ಲೇ ಇದ್ದದ್ದು ಕಾಣುತ್ತಿತ್ತು. ವಾರ್ಡಿನ ಡ್ಯೂಟಿ ಪಟ್ಟಿಯನ್ನೂ ಸೇರಿಸಿದಳು. ನಾಲ್ಕು ಸಾಲಿನ ಅರ್ಜಿ, ಮೂರು ಚಿತ್ರ. ಜೊತೆಗೆ ಅಂಗಡಿಯ ಮ್ಯಾನೇಜರನ್ನೂ ಕೇಳು ಎಂದಿದ್ದೆ, ಯಾಕೆಂದರೆ ಪಾರ್ಕಿಂಗ್ ಕಂಪನಿಯನ್ನು ಕರೆಸಿದವರು ಒಂದು ಮಾತು ಹೇಳಿದರೆ ಎಷ್ಟೋ ಬಿಲ್ಲು ಅಲ್ಲೇ ರದ್ದಾಗುತ್ತದೆ. ಇವಳಿಗೆ ಸಿಕ್ಕವರು "ನಮ್ಮ ಕೈಲಿಲ್ಲ" ಅಂದರು.

ಮೊತ್ತದ ವಿಷಯ. ಎರಡೂ ಸಂಘಗಳು ಸೇರಿ ಮಾಡಿಕೊಂಡ ಒಂದೇ ನಿಯಮಾವಳಿ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಬಿಲ್ಲು 100 ಪೌಂಡ್ ಮೀರಬಾರದು, 14 ದಿನದೊಳಗೆ ಕಟ್ಟಿದರೆ ಶೇ. 40 ಕಡಿತ. ಅಂದರೆ 60 ಪೌಂಡ್. ಕೊಟ್ಟ ಅವಧಿ ಮುಗಿದ ಮೇಲೆ ಹೊರಡಲು 10 ನಿಮಿಷದ ರಿಯಾಯಿತಿ ಇದೆ. ಒಳಗೆ ಬಂದು, ಬೋರ್ಡ್ ಓದಿ, ಬೇಡ ಅಂತ ವಾಪಸ್ ಹೋಗಲಿಕ್ಕೂ ಕಡೇಪಕ್ಷ 5 ನಿಮಿಷ ಕೊಡಬೇಕು. ಯಂತ್ರದಲ್ಲಿ ನಂಬರ್ ಒತ್ತುವಾಗ ಸೊನ್ನೆಗೆ 'ಓ' ಅಕ್ಷರ ಒತ್ತಿದಂಥ ಸಣ್ಣ ತಪ್ಪಾಗಿ, ದುಡ್ಡು ಕಟ್ಟಿದ್ದು ನಿಜವಾಗಿದ್ದರೆ ಬಿಲ್ಲು ರದ್ದು ಮಾಡಬೇಕು.

ಆ ಶೇ. 40 ಕಡಿತವೇ ಇಡೀ ಆಟದ ಗಾಳ. 60 ಕೊಟ್ಟು ಕೈತೊಳೆದುಕೊಳ್ಳೋಣ ಅನ್ನಿಸುತ್ತದೆ. ಒಂದು ವಿಷಯ ಗೊತ್ತಿರಲಿ: ಆ 14 ದಿನದೊಳಗೇ ತಕರಾರು ಸಲ್ಲಿಸಿದರೆ, ಕಂಪನಿ ಅದನ್ನು ತಿರಸ್ಕರಿಸಿದ ಮೇಲೂ ಸಾಮಾನ್ಯವಾಗಿ ಇನ್ನೊಂದು 14 ದಿನ ಅದೇ ಕಡಿತದ ದರ ಕೊಡುತ್ತದೆ. ಮೊದಲ ಸುತ್ತಿನ ಜಗಳಕ್ಕೆ ಖರ್ಚಿಲ್ಲ ಅಂದ ಹಾಗಾಯಿತು. ಅದರಾಚೆಗೆ, ಮೇಲ್ಮನವಿಗೆ ಹೋದರೆ ಮಾತ್ರ ಕಡಿತ ಕೈಬಿಟ್ಟು ಹೋಗುತ್ತದೆ.

ಮೇಲ್ಮನವಿ ಎಲ್ಲಿ ಎಂಬುದು ಕಂಪನಿ ಯಾವ ಸಂಘದ್ದು ಎಂಬುದರ ಮೇಲೆ. ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್‌ನವರಾದರೆ ಪಾಪ್ಲಾ, ಅಂದರೆ ಪಾರ್ಕಿಂಗ್ ಆನ್ ಪ್ರೈವೇಟ್ ಲ್ಯಾಂಡ್ ಅಪೀಲ್ಸ್. ಇನ್ನೊಂದರದ್ದಾದರೆ ಐಎಎಸ್, ಅಂದರೆ ಇಂಡಿಪೆಂಡೆಂಟ್ ಅಪೀಲ್ಸ್ ಸರ್ವಿಸ್. ಭಾವ ಇದನ್ನು ಕೇಳಿ, "ಒಂದು ಪಾರ್ಕಿಂಗ್ ಚೀಟಿಗೆ ಐಎಎಸ್ ಆಫೀಸರ್ ಹತ್ತಿರ ಹೋಗ್ಬೇಕಾ!" ಎಂದು ಗಾಬರಿಯಾದರು. ಪಾಪ್ಲಾಕ್ಕೆ ಶುಲ್ಕ ಇಲ್ಲ. ತಿರಸ್ಕಾರದ ಪತ್ರದಲ್ಲಿ ಒಂದು ಕೋಡ್ ಕೊಡುತ್ತಾರೆ, 28 ದಿನದೊಳಗೆ ಆನ್‌ಲೈನಿನಲ್ಲಿ ಹಾಕಬೇಕು. ಅದರ ತೀರ್ಮಾನ ಕಂಪನಿಯನ್ನು ಕಟ್ಟಿಹಾಕುತ್ತದೆ, ನಮ್ಮನ್ನಲ್ಲ. ಅಲ್ಲಿ ಸೋತರೂ ಕೋರ್ಟಿನಲ್ಲಿ ವಾದಿಸುವ ಹಕ್ಕು ಉಳಿದಿರುತ್ತದೆ.

ಸೊಸೆಯ ತಕರಾರಿಗೆ ಕಂಪನಿಯ ಉತ್ತರ ಬಂತು. "ಆವರಣದಲ್ಲಿ ಫಲಕಗಳು ಸ್ಪಷ್ಟವಾಗಿದ್ದವು" ಅಂತ ಒಂದು ಪುಟ. ಫಲಕದ ಬಗ್ಗೆ ಇವಳು ಒಂದಕ್ಷರ ಬರೆದಿರಲಿಲ್ಲ. ಅಚ್ಚು ಹಾಕಿಟ್ಟ ಉತ್ತರ, ಯಾರೂ ಓದಿಲ್ಲ. "ಸಾಕಾಯ್ತು ಮಾವ, ಅರವತ್ತು ಕಟ್ಟಿಬಿಡ್ತೇನೆ" ಎಂದಳು. ನಾನು ಬೇಡ ಅಂದೆ. ಹಾಗೆ ಹೇಳುವಾಗ ದುಡ್ಡು ಅವಳದು, ಧೈರ್ಯ ನನ್ನದು ಎಂಬುದೂ ಗೊತ್ತಿತ್ತು. ಪಾಪ್ಲಾಕ್ಕೆ ಅದೇ ನಾಲ್ಕು ಸಾಲು, ಅದೇ ಮೂರು ಚಿತ್ರ ಹೋಯಿತು. ಮೂರನೇ ವಾರ ಒಂದು ಸಾಲಿನ ಇಮೇಲ್: ಕಂಪನಿ ಬಿಲ್ಲನ್ನು ಹಿಂದಕ್ಕೆ ಪಡೆದಿದೆ.

ಅವಳು ನಿಜವಾಗಿ ನಾಲ್ಕು ಗಂಟೆ ನಿಂತಿದ್ದು, ಬೋರ್ಡು ಕಣ್ಣಿಗೆ ಹೊಡೆಯುವಂತಿದ್ದು, ನೋಟಿಸು ಹೊತ್ತಿಗೆ ಬಂದಿದ್ದರೆ ನಾನೇ "ಅರವತ್ತು ಕಟ್ಟು, ಮಲಗು" ಅನ್ನುತ್ತಿದ್ದೆ. ಬಾಡಿಗೆ ಕಾರಾದರೆ ಇನ್ನೂ ಬೇಗ ತೀರ್ಮಾನಿಸಬೇಕು. ಮಕ್ಕಳನ್ನು ನೋಡಲು ಹೋದ ಅಪ್ಪ ಅಮ್ಮ ಬಾಡಿಗೆಗೆ ತೆಗೆದ ಕಾರಿಗೆ ಟಿಕೆಟ್ ಬಂದರೆ, ಬಾಡಿಗೆ ಕಂಪನಿ ತನ್ನ ಕೈಚಾರ್ಜು ಬೇರೆ ಕಾರ್ಡಿನಿಂದ ಎಳೆದುಕೊಳ್ಳುತ್ತದೆ.

ಕಟ್ಟದೆಯೂ, ಜಗಳವಾಡದೆಯೂ ಸುಮ್ಮನೆ ಕೂರುವುದರಲ್ಲಿ ಅಪಾಯ ಇರುವುದು. ಮೊದಲು ಸಾಲ ವಸೂಲಿ ಏಜೆನ್ಸಿಯ ಕೆಂಪಕ್ಷರದ ಪತ್ರಗಳು ಬರುತ್ತವೆ, ಮೊತ್ತಕ್ಕೆ 70 ಪೌಂಡ್‌ವರೆಗೆ ಸೇರಿಸುತ್ತಾರೆ. ಈ ಏಜೆನ್ಸಿಯವರು ಜಪ್ತಿಗೆ ಬರುವ ಅಮೀನರಲ್ಲ, ಬಾಗಿಲು ತೆರೆಯಬೇಕಿಲ್ಲ. ಆಮೇಲೆ 'ಲೆಟರ್ ಬಿಫೋರ್ ಕ್ಲೇಮ್' ಬಂದರೆ ಅದಕ್ಕೆ 30 ದಿನದೊಳಗೆ ಉತ್ತರ ಕೊಡಬೇಕು. ಅದಾದ ಮೇಲೆ ಕೌಂಟಿ ಕೋರ್ಟಿನ ಕ್ಲೇಮ್ ಫಾರಂ ಬಂದರಂತೂ ಊಟ ಬಿಟ್ಟಾದರೂ ಉತ್ತರಿಸಬೇಕು: 14 ದಿನ, ತಲುಪಿದೆ ಎಂದು ತಿಳಿಸಿದರೆ ಒಟ್ಟು 28 ದಿನ. ಉತ್ತರ ಕೊಡದಿದ್ದರೆ ಏಕಪಕ್ಷೀಯ ತೀರ್ಪು, ಅದನ್ನು ಸಿಸಿಜೆ ಅನ್ನುತ್ತಾರೆ. ತಿಂಗಳೊಳಗೆ ಪೂರ್ತಿ ಕಟ್ಟಿದರೆ ದಾಖಲೆಯಿಂದ ಅಳಿಯುತ್ತದೆ. ಇಲ್ಲದಿದ್ದರೆ ಆರು ವರ್ಷ ಉಳಿಯುತ್ತದೆ. ಮನೆ ಸಾಲ, ಬಾಡಿಗೆ ಮನೆ, ಫೋನ್ ಕಾಂಟ್ರ್ಯಾಕ್ಟ್ ಎಲ್ಲಕ್ಕೂ ಅಡ್ಡ. ಪೌರತ್ವದ ಅರ್ಜಿಯಲ್ಲೂ ಸಿವಿಲ್ ತೀರ್ಪು ಇದೆಯೇ ಎಂಬ ಪ್ರಶ್ನೆ ಇದೆ. ಅಕ್ಕನ ವೀಸಾ ಭಯದಲ್ಲಿ ಚೂರು ನಿಜ ಇದ್ದದ್ದು ಇಲ್ಲಿ.

ನಮ್ಮ ಕಡೆಯ ಹುಡುಗಿಯರು ಹೆಚ್ಚಾಗಿ ಸಿಕ್ಕಿಬೀಳುವುದು ವಿಳಾಸದಲ್ಲಿ. ಹೋದ ಮೊದಲ ಎರಡು ವರ್ಷದಲ್ಲಿ ಮೂರು ಕಡೆ ರೂಮು ಬದಲಾಯಿಸುತ್ತಾರೆ, ಕಾರಿನ ಲಾಗ್‌ಬುಕ್ಕಿನಲ್ಲಿ, ಅಂದರೆ ಅಲ್ಲಿನ ಆರ್‌ಸಿಯಲ್ಲಿ, ಹಳೆ ವಿಳಾಸವೇ ಇರುತ್ತದೆ. ನೋಟಿಸು, ಕೋರ್ಟಿನ ಕಾಗದ ಎಲ್ಲ ಹಳೆ ಮನೆಯ ಬಾಗಿಲಲ್ಲಿ ರಾಶಿ ಬಿದ್ದು, ಇವರಿಗೆ ಗೊತ್ತಾಗುವುದು ಬ್ಯಾಂಕು ಸಾಲ ನಿರಾಕರಿಸಿದ ದಿನ. ಆಗ ತೀರ್ಪು ತೆಗೆಸಲು ಹಾಕುವ ಅರ್ಜಿಯ ಶುಲ್ಕವೇ 300 ಪೌಂಡಿನ ಆಸುಪಾಸು, ಮೂಲ ಬಿಲ್ಲಿನ ಮೂರು ಪಟ್ಟು.

ನಮ್ಮೂರಿನ ಸರಪಳಿ

ಇಷ್ಟೆಲ್ಲ ಹೇಳಿದ ನಾನು ಮಡಿಕೇರಿಯಲ್ಲಿ ಸಿಕ್ಕಿಬಿದ್ದ ಕತೆಯನ್ನೂ ಹೇಳಬೇಕು. ಒಂದು ಶುಕ್ರವಾರ, ಸಂತೆ ದಿನ. ಎಲ್ಲೂ ಜಾಗ ಸಿಗದೆ ಒಂದು ಖಾಸಗಿ ಕಾಂಪ್ಲೆಕ್ಸಿನ ಒಳಗೆ ಕಾರು ನುಗ್ಗಿಸಿ, ಕೆಸು, ಹಸಿಮೆಣಸು ತರಲು ಹೋದೆ. ಬರುವಾಗ ಮುಂದಿನ ಚಕ್ರಕ್ಕೆ ಸರಪಳಿ, ಬೀಗ. ಸೆಕ್ಯುರಿಟಿಯವ ಮೊಬೈಲ್ ನೋಡುತ್ತ ಕೂತಿದ್ದ.

"ಐನೂರು ಫೈನ್ ಸಾರ್."

"ರಶೀದಿ ಕೊಡ್ತೀಯಾ?"

"ರಶೀದಿ ಎಲ್ಲ ಇಲ್ಲ ಸಾರ್. ಓನರ್ ಹೇಳಿದ್ದಾರೆ."

ಇಲ್ಲಿಯೂ ಅದೇ ಪ್ರಶ್ನೆ, ಯಾವ ಅಧಿಕಾರದಿಂದ? ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 117ನೇ ಸೆಕ್ಷನ್ ಪ್ರಕಾರ ಪಾರ್ಕಿಂಗ್ ಜಾಗ ಗುರುತಿಸುವುದು ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರು. ಅಪಾಯ, ಅಡಚಣೆ ಆಗುವಂತೆ ನಿಲ್ಲಿಸಿದರೆ 122. ಸಾರ್ವಜನಿಕ ಜಾಗದಲ್ಲಿ ಬಿಟ್ಟುಹೋದ ಗಾಡಿಯನ್ನು ಎಳೆದೊಯ್ಯಿಸುವ, ಚಕ್ರಕ್ಕೆ ಬೀಗ ಹಾಕಿಸುವ ಅಧಿಕಾರ 127ರಲ್ಲಿದೆ, ಅದೂ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ. ಪ್ರತ್ಯೇಕ ಶಿಕ್ಷೆ ಹೇಳದ ಕಡೆ 177: 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ₹500ರವರೆಗೆ, ಮತ್ತೆ ಮಾಡಿದರೆ ₹1500ರವರೆಗೆ. ಸೆಕ್ಯುರಿಟಿಯವನ ಹೆಸರು ಇದರಲ್ಲಿ ಎಲ್ಲೂ ಇಲ್ಲ.

ಪೊಲೀಸರ ಚಲನ್ ಕೂಡ ತೀರ್ಪಲ್ಲ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. 200ನೇ ಸೆಕ್ಷನ್ ಪ್ರಕಾರ ದುಡ್ಡು ಕಟ್ಟಿ ಮುಗಿಸಿಕೊಳ್ಳಿ ಎಂಬ ಅವಕಾಶ ಅದು. ತಪ್ಪಿಲ್ಲ ಅನ್ನಿಸಿದರೆ ಕಟ್ಟದೆ ಕೋರ್ಟಿನಲ್ಲಿ ಹೇಳಬಹುದು. ₹500ಕ್ಕಾಗಿ ಎರಡು ದಿನದ ಕೆಲಸ ಬಿಟ್ಟು ಮಡಿಕೇರಿ ಕೋರ್ಟಿನ ಮೆಟ್ಟಿಲು ಹತ್ತಿದವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ. ಸುಮ್ಮನೆ ಬಾಕಿ ಉಳಿಸುವವರೇ ಜಾಸ್ತಿ. 2023ರ ಫೆಬ್ರುವರಿಯಲ್ಲಿ, ಮತ್ತೆ 2025ರಲ್ಲಿ ಸರ್ಕಾರ ಬಾಕಿ ಚಲನ್‌ಗಳಿಗೆ ಅರ್ಧ ಮಾಫಿ ಕೊಟ್ಟಿತು. ಹೊತ್ತಿಗೆ ಸರಿಯಾಗಿ ಕಟ್ಟಿದ ನಮ್ಮಂಥವರು ಪೆದ್ದರಾದೆವು. ಚಲನ್ ನಿಜವೋ ಅಂತ ಪರಿವಾಹನ್ ಇ-ಚಲನ್ ತಾಣದಲ್ಲೇ ಗಾಡಿ ನಂಬರ್ ಹಾಕಿ ನೋಡಿ. ವಾಟ್ಸಾಪಿನಲ್ಲಿ ಚಲನ್ ಹೆಸರಿನ ಎಪಿಕೆ ಫೈಲ್ ಬಂದರೆ ಮುಟ್ಟಬೇಡಿ, ಅದು ಬ್ಯಾಂಕ್ ಖಾತೆಗೆ ಕನ್ನ ಹಾಕುವವರ ಕೆಲಸ. ನಗರಸಭೆ ಟೆಂಡರ್ ಕೊಟ್ಟ ಜಾಗದಲ್ಲಿ ದರಪಟ್ಟಿ ನೋಡಿ, ನಂಬರಿರುವ ರಶೀದಿ ಕೇಳಿ. ಹೆಚ್ಚು ಕಿತ್ತರೆ ಪೌರಾಯುಕ್ತರಿಗೆ ಒಂದು ಅರ್ಜಿ.

ಖಾಸಗಿ ಜಾಗದವರು ಕೇಳುವ 'ಫೈನ್' ನಮ್ಮಲ್ಲೂ ಕರಾರಿನ ಮಾತೇ. ಆದರೆ ನಮ್ಮ 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಇಂಗ್ಲೆಂಡಿನ ದಾರಿ ಹಿಡಿದಿಲ್ಲ. ಮೊದಲೇ ಬರೆದ ಮೊತ್ತ ನಷ್ಟದ ಅಂದಾಜೋ ಬೆದರಿಕೆಯೋ ಎಂಬ ಚರ್ಚೆಯನ್ನೇ ಅದು ಬದಿಗಿಟ್ಟಿದೆ. ಬೋರ್ಡಿನಲ್ಲಿ ಎಷ್ಟೇ ಬರೆದಿರಲಿ, ಅದು ಗರಿಷ್ಠ ಮಿತಿ ಅಷ್ಟೇ. ಸಿಗುವುದು ಅದರೊಳಗೆ ನ್ಯಾಯವಾದ ಪರಿಹಾರ ಮಾತ್ರ. "ಟೋಕನ್ ಕಳೆದರೆ ₹500" ಎಂಬ ಬೋರ್ಡಿಗೂ ಇದೇ ಉತ್ತರ. ಆರ್‌ಸಿ, ಗುರುತಿನ ಚೀಟಿ ತೋರಿಸಿ, ನಿಂತ ಹೊತ್ತಿನ ಶುಲ್ಕ ಕೊಡುತ್ತೇನೆ ಎನ್ನಿ. ದುಡ್ಡು ಪಡೆದು ರಶೀದಿ ಕೊಟ್ಟವರ ಮೇಲೆ ತಕರಾರಿದ್ದರೆ 1915ಕ್ಕೆ ಫೋನ್ ಮಾಡಬಹುದು, ಮಡಿಕೇರಿಯಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ, ₹5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು.

ರಶೀದಿಯ ಹಿಂದೆ ಅಚ್ಚಾಗಿರುವ "ಮಾಲೀಕರ ಸ್ವಂತ ಜವಾಬ್ದಾರಿ" ಎಂಬ ಸಾಲಿಗೂ ನಾವು ಕೊಟ್ಟಷ್ಟು ಬೆಲೆ ಕೋರ್ಟು ಕೊಡುವುದಿಲ್ಲ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ ಕೀಲಿ ಕೊಟ್ಟು ನಿಲ್ಲಿಸಿದ ಮಾರುತಿ ಝೆನ್ ಕಳುವಾಯಿತು. 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಕೀಲಿ ತೆಗೆದುಕೊಂಡ ಮೇಲೆ ಗಾಡಿ ಕಾಯುವ ಹೊಣೆ ಹೋಟೆಲಿನದು, ತನ್ನ ಅಜಾಗರೂಕತೆಯಿಂದ ಆದದ್ದಕ್ಕೆ ಆ ಸಾಲನ್ನು ಅಡ್ಡ ಹಿಡಿದು ತಪ್ಪಿಸಿಕೊಳ್ಳುವಂತಿಲ್ಲ. ಕೀಲಿ ನಮ್ಮ ಜೇಬಿನಲ್ಲೇ ಇದ್ದರೆ ವಾದ ಅಷ್ಟು ಗಟ್ಟಿಯಾಗುವುದಿಲ್ಲ. ಕೊಡಗಿಗೆ ಬಂದು ರೆಸಾರ್ಟಿನ ಬಾಗಿಲಲ್ಲಿ ಕೀಲಿ ಕೊಟ್ಟು ಒಳಹೋಗುವವರು ಟ್ಯಾಗ್ ಕೇಳಿ ಇಟ್ಟುಕೊಳ್ಳುವುದು ಒಳ್ಳೆಯದು.

ಹಾಗಾದರೆ ಆ ಸರಪಳಿ? 112ಕ್ಕೆ ಫೋನ್ ಮಾಡಬಹುದಿತ್ತು. ಮೊಬೈಲ್ ತೆಗೆದೂ ಆಗಿತ್ತು. ಅಷ್ಟರಲ್ಲಿ ಪಕ್ಕದ ಕ್ಲಿನಿಕ್ಕಿನಿಂದ ಒಬ್ಬ ಹೆಂಗಸು ಹೊರಬಂದು, ನನ್ನ ಕಾರು ಅಡ್ಡ ಇದ್ದದ್ದರಿಂದ ತನ್ನ ಅತ್ತೆಯನ್ನು ಗೇಟಿನಿಂದ ನಡೆಸಿಕೊಂಡೇ ಬರಬೇಕಾಯಿತು ಎಂದಳು. ಅತ್ತೆಗೆ ಮೊಣಕಾಲು ನೋವು. 74ನೇ ಸೆಕ್ಷನ್ ನೆನಪಿಗೆ ಬರಲಿಲ್ಲ. ಸೆಕ್ಯುರಿಟಿಯವನಿಗೆ ನೂರು ರೂಪಾಯಿ ಕೊಟ್ಟೆ, ಬೀಗ ತೆಗೆದ.

ಬ್ರಿಟನ್ನಿನವರಿಗೆ ವಿಳಾಸ, ಕಾಯ್ದೆ, ಅಗ್ಗದ ಕೋರ್ಟು ಮೂರೂ ಇದೆ, ಬೀಗ ಬೇಕಿಲ್ಲ. ನಮ್ಮ ಕಾಂಪ್ಲೆಕ್ಸಿನವರಿಗೆ ಮೂರೂ ಇಲ್ಲದ್ದರಿಂದ ಬೀಗ ಬಿಟ್ಟರೆ ಗತಿಯಿಲ್ಲ. ಗಾಡಿ ಗೇಟು ದಾಟಿತೆಂದರೆ ಅವರ ಐನೂರೂ ದಾಟಿತು.

ಸೊಸೆಯ ಬಿಲ್ಲು ರದ್ದಾದ ಸುದ್ದಿ ಕೇಳಿ ಹೆಚ್ಚು ಉತ್ಸಾಹಗೊಂಡದ್ದು ಭಾವ. ಅವರ ತೋಟದ ಗೇಟಿನಲ್ಲಿ "ಗಾಡಿ ನಿಲ್ಲಿಸಿದರೆ ₹1000 ದಂಡ" ಅಂತ ಒಂದು ತಗಡಿನ ಬೋರ್ಡ್ ವರ್ಷಗಳಿಂದ ಇದೆ. ಶನಿವಾರ, ಭಾನುವಾರ ಬೆಂಗಳೂರಿನ ಕಾರುಗಳು ಅದರ ಕೆಳಗೇ ನಿಂತು ಫೋಟೋ ತೆಗೆಯುತ್ತವೆ.

"ನಂಬರ್ ಬರ್ಕೊಂಡಿದ್ದೇನೆ. ನಾವೂ ಹಾಗೇ ಬಿಲ್ಲು ಕಳಿಸ್ಬಹುದಾ?" ಎಂದರು.

"ವಿಳಾಸ ಯಾರು ಕೊಡ್ತಾರೆ ಭಾವ?"

"ಆರ್‌ಟಿಒ?"

"ಕೊಡೋದಿಲ್ಲ. ಕೊಟ್ಟರೂ ಸಾವಿರಕ್ಕೆ ಸಿವಿಲ್ ದಾವೆ ಹಾಕಿ, ನಷ್ಟ ತೋರಿಸಿ, ವರ್ಷಗಟ್ಟಲೆ ಕಾಯ್ಬೇಕು. ದಂಡ ಅಂತ ಬರೆಯೋ ಅಧಿಕಾರವೂ ನಿಮಗಿಲ್ಲ. ಟೈರಿನ ಗಾಳಿ ತೆಗೆದ್ರಂತೂ ಕೇಸು ನಿಮ್ಮ ಮೇಲೇ."

ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮುಂದಿನ ವಾರ ಹೋದಾಗ ಬೋರ್ಡಿಗೆ ಹೊಸ ಬಣ್ಣ ಬಿದ್ದಿತ್ತು: "ಗೇಟಿಗೆ ಅಡ್ಡ ನಿಲ್ಲಿಸಬೇಡಿ. ಕಾಫಿ ಲಾರಿ ಯಾವಾಗ ಬೇಕಾದರೂ ಬರುತ್ತದೆ. ಆನೆಯೂ." ಆ ಭಾನುವಾರ ಅಲ್ಲಿ ಒಂದೇ ಒಂದು ಕಾರು ನಿಂತಿರಲಿಲ್ಲ.